ಕುಂಚ ಹಿಡಿದ ಗಾಯಕರೂ ಪರದೆಯ ಹಿಂದಿನವರೂ

ಪ್ರಸಿದ್ಧ ಗಾಯಕರೊಬ್ಬರು ಚಿತ್ರವನ್ನೂ ಬರೆಯುತ್ತಾರೆಂಬ ಸುದ್ದಿ ಕಿವಿಗೆ ಬಿದ್ದೊಡನೆ ನಮ್ಮ ಸುಶಿಕ್ಷಿತ ಸಮಾಜಕ್ಕೆ ಒಂದು ಬಗೆಯ ಪುಳಕ ಉಂಟಾಗುತ್ತದೆ. “ಆಹಾ, ಕಂಠವೂ ಉಂಟು, ಕೈಯೂ ಉಂಟು! ಸರಸ್ವತಿಯ ಪೂರ್ಣಾನುಗ್ರಹವೆಂದರೆ ಇದೇ!” ಎಂದು ಉದ್ಗರಿಸುತ್ತೇವೆ. ಪ್ರದರ್ಶನಕ್ಕೆ ಹೋಗುತ್ತೇವೆ. ಚಿತ್ರದ ಮುಂದೆ ಅರೆಗಳಿಗೆ ನಿಂತು, ಮೂಲೆಯಲ್ಲಿರುವ ರುಜುವನ್ನು ಓದಿ, ತಲೆದೂಗಿ ಮುಂದಕ್ಕೆ ನಡೆಯುತ್ತೇವೆ. ನಾವು ನೋಡಿದ್ದು ಚಿತ್ರವನ್ನೋ ರುಜುವನ್ನೋ ಎಂದು ಯಾರಾದರೂ ಕೇಳಿದರೆ ಉತ್ತರ ಹೇಳುವುದು ಕಷ್ಟವಾದೀತು.

ಇದರ ಎದುರು ಪಕ್ಷವೂ ಒಂದುಂಟು. ಅವರು ಗಂಭೀರ ಜನ. “ಎರಡು ದೋಣಿಯ ಮೇಲೆ ಕಾಲಿಟ್ಟವನು ಯಾವ ದಡವನ್ನೂ ಮುಟ್ಟಲಾರ. ಹಾಡುವವನು ಹಾಡಲಿ, ಬರೆಯುವವನು ಬರೆಯಲಿ” ಎಂಬುದು ಅವರ ತೀರ್ಪು. ಗಾಯಕನ ಚಿತ್ರವನ್ನು ನೋಡುವ ಮೊದಲೇ ಅದನ್ನು ಹವ್ಯಾಸದ ಕಪಾಟಿಗೆ ಸೇರಿಸಿ ಬೀಗ ಹಾಕಿಬಿಡುತ್ತಾರೆ.

ಮೊದಲಿನವರು ಹೆಸರನ್ನು ನೋಡಿ ಹೊಗಳುತ್ತಾರೆ. ಎರಡನೆಯವರು ಹೆಸರನ್ನು ನೋಡಿ ತೆಗಳುತ್ತಾರೆ. ಚಿತ್ರವನ್ನು ನೋಡುವ ಗೋಜಿಗೆ ಇಬ್ಬರೂ ಹೋಗುವುದಿಲ್ಲ. ಹಾಡು ಮತ್ತು ಚಿತ್ರ ಒಬ್ಬನಲ್ಲಿ ಕೂಡುವುದು ಅಪರೂಪದ ಪವಾಡವೆಂಬ ಒಂದೇ ತಪ್ಪು ನಂಬಿಕೆ ಇಬ್ಬರದೂ ಆಗಿದೆ. ನನ್ನ ಜಗಳ ಇರುವುದು ಆ ನಂಬಿಕೆಯೊಡನೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಬೆಳೆದವನು ಅದನ್ನು ಒಪ್ಪುವುದು ಹೇಗೆ? ಏಕೆ ಒಪ್ಪಲಾಗದೆಂಬುದನ್ನು ಕಡೆಗೆ ಹೇಳುತ್ತೇನೆ. ಮೊದಲು ದೊಡ್ಡವರ ಮಾತಾಗಲಿ.

ಅಮೆರಿಕದ ಹಾಡುಗಾರ ಬಾಬ್ ಡಿಲನ್‌ರನ್ನು ತೆಗೆದುಕೊಳ್ಳಿ. ಹಾಡಿನ ಸಾಹಿತ್ಯಕ್ಕೆಂದೇ 2016ರ ನೊಬೆಲ್ ಪಾರಿತೋಷಕ ಪಡೆದವರು. ಅವರು ಚಿತ್ರಗಳನ್ನೂ ಬರೆದಿದ್ದಾರೆ. 2011ರಲ್ಲಿ ನ್ಯೂಯಾರ್ಕಿನ ಪ್ರಸಿದ್ಧ ಗ್ಯಾಲರಿಯೊಂದರಲ್ಲಿ ಅವರ ಏಷ್ಯಾ ಚಿತ್ರಮಾಲಿಕೆಯ ಪ್ರದರ್ಶನ ನಡೆಯಿತು. ಪ್ರವಾಸದಲ್ಲಿ ಕಣ್ಣಾರೆ ಕಂಡದ್ದನ್ನು ಬರೆದಿದ್ದಾರೆಂದು ಜನ ತಿಳಿದರು. ಸ್ವಲ್ಪ ದಿನಗಳಲ್ಲೇ, ಅವುಗಳಲ್ಲಿ ಹಲವು ಚಿತ್ರಗಳು ಬೇರೆಯವರು ಹಿಂದೆ ತೆಗೆದ ಛಾಯಾಚಿತ್ರಗಳನ್ನು ಬಹಳಮಟ್ಟಿಗೆ ಹಾಗೆಯೇ ಅನುಸರಿಸಿವೆಯೆಂದು ನೋಡಬಲ್ಲ ಕಣ್ಣಿನವರು ಎತ್ತಿ ತೋರಿಸಿದರು. ಛಾಯಾಚಿತ್ರವನ್ನು ನೋಡಿ ಬರೆಯುವುದು ಅಪರಾಧವೇನಲ್ಲ. ಎಷ್ಟೋ ಚಿತ್ರಗಾರರು ಮಾಡಿದ್ದಾರೆ. ನಾನು ಕೇಳುವುದು ಬೇರೆ ಪ್ರಶ್ನೆ. ಹೆಸರಿಲ್ಲದ ಒಬ್ಬ ತರುಣ ಅವೇ ಚಿತ್ರಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಿದ್ದರೆ ಆ ಗ್ಯಾಲರಿಯ ಬಾಗಿಲು ತೆರೆಯುತ್ತಿತ್ತೇ?

ಆದ್ದರಿಂದ ನನ್ನ ಮೊದಲನೆಯ ಪರೀಕ್ಷೆ ಬಹಳ ಸುಲಭವಾದದ್ದು. ರುಜುವಿನ ಮೇಲೆ ಹೆಬ್ಬೆರಳಿಡಿ. ಉಳಿದದ್ದನ್ನು ನೋಡಿ. ಇನ್ನೂ ಎರಡು ನಿಮಿಷ ಅಲ್ಲೇ ನಿಲ್ಲಬೇಕೆನ್ನಿಸಿದರೆ ಅದು ಚಿತ್ರ. ಇಲ್ಲವಾದರೆ ಅದು ಹಸ್ತಾಕ್ಷರದ ಸುತ್ತ ಬಳಿದ ಬಣ್ಣ.

ಈ ಪರೀಕ್ಷೆಯಲ್ಲಿ ಗೆಲ್ಲುವವರಿಲ್ಲವೆಂದಲ್ಲ. ಸಾವಿರಾರು ಹಾಡುಗಳನ್ನು ಕಟ್ಟಿ, ಅವಕ್ಕೆ ತಾವೇ ಧಾಟಿ ಕೊಟ್ಟ ರವೀಂದ್ರನಾಥ ಠಾಕೂರರು ಅರವತ್ತು ದಾಟಿದ ಮೇಲೆ ಚಿತ್ರಕ್ಕೆ ಕೈಹಾಕಿದರು. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಪದಗಳನ್ನು ಗೀಚಿ ಗೀಚಿ ಒಂದಕ್ಕೊಂದು ಕೂಡಿಸುತ್ತಿದ್ದಾಗ ಅವುಗಳಿಂದ ಹಕ್ಕಿಗಳೂ ವಿಚಿತ್ರ ಪ್ರಾಣಿಗಳೂ ಎದ್ದವು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಅವುಗಳ ಪ್ರದರ್ಶನ ನಡೆಯಿತು. ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಅವರು ಬಿಟ್ಟುಹೋಗಿದ್ದಾರೆ. ಹಾಡಿನಲ್ಲಿ ಅಷ್ಟೊಂದು ಪ್ರಸನ್ನರಾದ ಕವಿ ಚಿತ್ರದಲ್ಲಿ ಕತ್ತಲೆಯವರು. ಅವರು ಬರೆದ ಮುಖಗಳು ನಮ್ಮನ್ನು ನೋಡಿ ನಗುವುದಿಲ್ಲ. ಹಾಡಿನಲ್ಲಿ ಹೇಳಲಾಗದ್ದು ಏನೋ ಇತ್ತು, ಅದಕ್ಕೆ ಬಣ್ಣ ಬೇಕಾಯಿತು. ಹೆಬ್ಬೆರಳಿಟ್ಟು ನೋಡಿದರೂ ಅವು ನಿಲ್ಲುತ್ತವೆ.

ಯೂರೋಪಿನ ಸಂಗೀತದ ಹಳೆಯ ಕಟ್ಟನ್ನೇ ಮುರಿದ ಷೋನ್‌ಬರ್ಗ್ ಚಿತ್ರವನ್ನೂ ಬರೆಯುತ್ತಿದ್ದರು. 1911ರಲ್ಲಿ ಮ್ಯೂನಿಕ್ಕಿನಲ್ಲಿ ಕ್ಯಾಂಡಿನ್‌ಸ್ಕಿ ಮತ್ತು ಅವರ ಗೆಳೆಯರು ಏರ್ಪಡಿಸಿದ ಪ್ರದರ್ಶನದಲ್ಲಿ ಅವರ ಚಿತ್ರಗಳಿಗೂ ಜಾಗ ದೊರಕಿತು. ಚಿತ್ರಗಾರರು ಅವರನ್ನು ತಮ್ಮ ಸಾಲಿನಲ್ಲಿ ಕೂರಿಸಿಕೊಂಡರೆಂಬುದು ಗಮನಿಸಬೇಕಾದ ಮಾತು.

ಮದರಾಸಿನ ಎಸ್. ರಾಜಂ (1919–2010) ಇನ್ನೊಂದು ಬಗೆ. ಸಂಗೀತವನ್ನು ಕಲಿತಷ್ಟೇ ಕ್ರಮವಾಗಿ ಅವರು ಕಲಾಶಾಲೆಯಲ್ಲಿ ಚಿತ್ರವನ್ನು ಕಲಿತರು. ಇತರರು ಮುಟ್ಟಲು ಅಂಜುತ್ತಿದ್ದ ವಿವಾದಿ ಮೇಳಗಳನ್ನು ಕಚೇರಿಯಲ್ಲಿ ಧೈರ್ಯವಾಗಿ ಹಾಡಿದರು. ತ್ಯಾಗರಾಜ, ದೀಕ್ಷಿತ, ಶ್ಯಾಮಾಶಾಸ್ತ್ರಿಗಳು ಹೇಗಿದ್ದರೆಂದು ಇಂದು ನಮ್ಮ ಮನಸ್ಸಿಗೆ ಬರುವ ರೂಪ ಬಹುಮಟ್ಟಿಗೆ ಅವರ ಕುಂಚದ್ದು. ಎಷ್ಟೋ ಮನೆಗಳ ದೇವರ ಕೋಣೆಯಲ್ಲಿ ಆ ಪಟಗಳಿವೆ. ಬರೆದವರ ಹೆಸರು ಆ ಮನೆಗಳವರಿಗೆ ತಿಳಿಯದು. ನನ್ನ ಪರೀಕ್ಷೆಯನ್ನು ಜನರೇ ಮಾಡಿಬಿಟ್ಟಿದ್ದಾರೆ: ರುಜು ಮರೆತುಹೋಗಿದೆ, ಚಿತ್ರ ಉಳಿದಿದೆ. ಕೃತಿಗಳ ಸಾಹಿತ್ಯದಲ್ಲಿ ಬರುವ ದೇವತಾರೂಪಗಳನ್ನು ಹಾಡಿ ಹಾಡಿ ಅರಗಿಸಿಕೊಂಡವರೇ ಅವುಗಳನ್ನು ಬರೆದದ್ದರಿಂದ, ಅಲ್ಲಿ ಒಂದು ಕಲೆ ಇನ್ನೊಂದಕ್ಕೆ ಅನ್ನ ಹಾಕಿತು.

ನಮ್ಮ ಕನ್ನಡನಾಡಿನ ದೊಡ್ಡ ಉದಾಹರಣೆ ಮೈಸೂರಿನ ಕೆ. ವೆಂಕಟಪ್ಪನವರು (1886–1965). ಅರಮನೆಯ ಚಿತ್ರಗಾರರ ಮನೆತನದವರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ 1909ರಲ್ಲಿ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಮೈಸೂರಿಗೆ ಹಿಂದಿರುಗಿದ ಮೇಲೆ ವೀಣೆ ಶೇಷಣ್ಣನವರ ಪಾದದ ಬಳಿ ಕುಳಿತು ವೀಣೆ ಕಲಿತರು. ಮೊದಲು ಚಿತ್ರಗಾರ, ಆಮೇಲೆ ವೈಣಿಕ. ಗಾಯಕರು ಕುಂಚ ಹಿಡಿದ ಕಥೆಗೆ ಇದು ತಿರುವುಮುರುವಾದದ್ದು ನಿಜ. ಆದರೆ ಎರಡು ಕಲೆಗಳ ನಡುವೆ ನಿಂತವನು ತೆರಬೇಕಾದ ಬೆಲೆ ಏನೆಂಬುದನ್ನು ಅವರಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟವರು ನಮ್ಮಲ್ಲಿ ಬೇರೆ ಇಲ್ಲ. ವೀಣೆಗಾಗಿ ಅವರು ವರ್ಷಗಟ್ಟಲೆ ಕುಂಚವನ್ನು ಬದಿಗಿಟ್ಟರು. ಹೆಸರು ಮಾಡುತ್ತಿದ್ದ ಚಿತ್ರಗಾರ ಹೀಗೆ ಮಾಡಬಹುದೇ ಎಂದು ಬೇಸರಪಟ್ಟವರಿದ್ದರು. ಆ ವೀಣೆಯ ಹುಚ್ಚನ್ನೇ ವಸ್ತುವಾಗಿಸಿಕೊಂಡು ಅವರು ಒಂದು ಚಿತ್ರವನ್ನೂ ಬರೆದರು. ಸಂಗೀತ ಅವರಿಗೆ ಸಂಜೆಯ ವಿನೋದವಾಗಿರಲಿಲ್ಲ. ಮೊದಲಿನ ಕಲೆಯನ್ನೇ ಅಡವಿಟ್ಟು ತಂದ ಕಲೆಯಾಗಿತ್ತು.

ಬೆಂಗಳೂರಿನಲ್ಲಿ ಅವರ ಹೆಸರಿನ ಚಿತ್ರಶಾಲೆಯೇ ಇದೆ. ಉದಕಮಂಡಲದ, ಕೊಡೈಕೆನಾಲಿನ ಅವರ ನೀರ್ಬಣ್ಣದ ದೃಶ್ಯಗಳನ್ನು ನೋಡಿರಿ. ಮಂಜು ಎಲ್ಲಿ ಮುಗಿಯಿತು, ಬೆಟ್ಟ ಎಲ್ಲಿ ಮೊದಲಾಯಿತು ಎಂದು ಬೆರಳಿಟ್ಟು ತೋರಿಸಲಾಗುವುದಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ವೀಣೆಯ ತಂತಿಯನ್ನು ಎಳೆದು ಜಾರಿಸುವವನಿಗೆ ಈ ಸಂಧಿ ಗೊತ್ತು. ವೀಣೆ ಕಲಿತದ್ದರಿಂದಲೇ ಹೀಗೆ ಬರೆದರೆಂದು ನಾನು ಪ್ರಮಾಣ ಮಾಡಲಾರೆ. ಆದರೆ ಅವಸರದ ಕೈ ಎರಡನ್ನೂ ಮಾಡಲಾರದೆಂಬುದನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ.

ಇದರಿಂದ ಎರಡನೆಯ ಪರೀಕ್ಷೆ ಹುಟ್ಟುತ್ತದೆ. ಒಬ್ಬನ ಹಾಡಿಗೂ ಅವನ ಚಿತ್ರಕ್ಕೂ ಪರಸ್ಪರ ಪರಿಚಯವಿದೆಯೇ? ಅಥವಾ ಅವು ಒಬ್ಬ ಸಾಹುಕಾರನ ಎರಡು ಅಂಗಡಿಗಳೇ, ಒಂದರಲ್ಲಿ ಜವಳಿ, ಇನ್ನೊಂದರಲ್ಲಿ ದಿನಸಿ, ಮೇಲಿನ ಬೋರ್ಡು ಮಾತ್ರ ಒಂದೇ? ರಾಜಂ, ವೆಂಕಟಪ್ಪ, ಠಾಕೂರರಂಥವರು ಈ ಪರೀಕ್ಷೆಗೂ ಬೇರೆ ಬೇರೆ ಮಟ್ಟದಲ್ಲಿ ನಿಲ್ಲುತ್ತಾರೆ. ಅವರಿಗೆ ನಮಸ್ಕಾರ.

ಇಷ್ಟಕ್ಕೇ ಲೇಖನವನ್ನು ಮುಗಿಸಿದ್ದರೆ ಓದುಗರು ನನ್ನನ್ನು ಸಂಭಾವಿತನೆಂದು ಕರೆಯುತ್ತಿದ್ದರು. ಆದರೆ ಈ ಎರಡೂ ಪರೀಕ್ಷೆಗಳನ್ನು ನನಗೆ ಮೊದಲು ಕಲಿಸಿದವರು ಇವರಾರೂ ಅಲ್ಲ. ಆದ್ದರಿಂದ ಮೈಸೂರನ್ನೂ ಮದರಾಸನ್ನೂ ಬಿಟ್ಟು ನಮ್ಮ ಒಣ ಸೀಮೆಗೆ ಬರಬೇಕು.

ನಾನು ಹೆಸರಿಸಿದ ಐದು ಊರುಗಳು ಮೊದಲು ಬಳ್ಳಾರಿ ಜಿಲ್ಲೆಯವು. 2021ರಿಂದ ವಿಜಯನಗರ ಜಿಲ್ಲೆಯವು. ಹರಪನಹಳ್ಳಿ ಮಾತ್ರ ನಡುವೆ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿತು. ಆ ಊರಲ್ಲಿ ಹುಟ್ಟಿದ ಬೀಚಿಯವರು ಇದ್ದಿದ್ದರೆ ಈ ಓಡಾಟದ ಮೇಲೆ ಒಂದು ಪುಸ್ತಕವನ್ನೇ ಬರೆಯುತ್ತಿದ್ದರು. ಜಿಲ್ಲೆಯ ಗೆರೆಗಳು ಹೇಗೇ ಬದಲಾಗಲಿ, ಈ ಸೀಮೆಯಲ್ಲೂ ಹೊಳೆಯಾಚೆಯ ಕೊಪ್ಪಳದ ಸೀಮೆಯಲ್ಲೂ ತೊಗಲುಗೊಂಬೆಯ ಮೇಳಗಳು ಊರಿಂದೂರಿಗೆ ಸಂಚರಿಸುತ್ತಿದ್ದವು. ಕಿಳ್ಳೇಕ್ಯಾತರೆಂದೂ ಶಿಳ್ಳೇಕ್ಯಾತರೆಂದೂ ಕರೆಯಲ್ಪಡುವ ಸಮುದಾಯದ ಕುಲಕಸುಬು ಇದು. ಮನೆಯಲ್ಲಿ ಮರಾಠಿಯ ಬಳಗಕ್ಕೆ ಸೇರಿದ ಮಾತು. ಪರದೆಯ ಹಿಂದೆ ಕನ್ನಡದ ರಾಮಾಯಣ, ಕನ್ನಡದ ಭಾರತ. ಮಳೆ ಹೋದ ವರ್ಷ ಊರವರು ಅವರನ್ನು ಕರೆಸುತ್ತಿದ್ದರು. ಆಟ ಆಡಿಸಿದರೆ ಮಳೆ ಬಂದೀತೆಂಬ ನಂಬಿಕೆ.

ಹುಡುಗನಾಗಿದ್ದಾಗ ಅಂಥ ಒಂದು ಆಟವನ್ನು ಬೆಳಗಿನವರೆಗೆ ನೋಡಿದ ನೆನಪು ನನಗಿದೆ. ಬಿಳಿಯ ಪರದೆ, ಹಿಂದೆ ದೀಪ. ಮದ್ದಳೆ, ತಾಳ. ಮೊದಲು ಗಣಪತಿ ಬಂದ, ಸರಸ್ವತಿ ಬಂದಳು. ಆಮೇಲೆ ಕಿಳ್ಳೇಕ್ಯಾತ, ಬಂಗಾರಕ್ಕ ಎಂಬ ನಗೆಯ ಜೋಡಿ ಬಂದು ಊರ ಗೌಡನನ್ನೂ ಬಿಡದೆ ಎಲ್ಲರನ್ನೂ ಬಯ್ದಿತು. ನಡುರಾತ್ರಿಯ ಮೇಲೆ ಲಂಕೆ ಉರಿಯಿತು. ಪರದೆಯ ಮೇಲಿನ ಆ ಕೆಂಪು, ಆ ಹಸಿರು ಇಂದಿಗೂ ಕಣ್ಣಿನಲ್ಲಿವೆ. ಬೆಳಿಗ್ಗೆ ಪರದೆಯ ಹಿಂದೆ ಇಣುಕಿದರೆ ಇದ್ದದ್ದು ಒಂದೇ ಕುಟುಂಬ. ಹಾಡಿದವರು, ಮಾತಾಡಿದವರು, ಗೊಂಬೆ ಕುಣಿಸಿದವರು, ಮದ್ದಳೆ ಬಾರಿಸಿದವರು ಎಲ್ಲ ಅವರೇ. ಸೀತೆಗೆ ದನಿ ಕೊಟ್ಟ ತಾಯಿ ಆಗಲೇ ಒಲೆ ಹೊತ್ತಿಸುತ್ತಿದ್ದಳು.

ಆ ಮೇಳದ ಹಿರಿಯನನ್ನು ನಾನು ಕೇಳಿದೆ: “ಅಜ್ಜಾ, ಹಾಡೋನೂ ನೀನೇ, ಗೊಂಬಿ ಬರಿಯೋನೂ ನೀನೇ ಏನು?”

ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. “ಮತ್ತ್ಯಾರು ಬರೀಬೇಕಪ್ಪಾ? ಹಾಡಿಗೆ ತಕ್ಕ ಗೊಂಬಿ ಬೇಕಲ್ಲ. ಬ್ಯಾರೇದವರು ಬರದ್ರ ಹಾಡು ಅವರಿಗೆ ಹೆಂಗ ಗೊತ್ತಾಗಬೇಕು?” ಎಂದ.

ಕಲಾವಿಮರ್ಶೆಯ ಎಷ್ಟೋ ಪುಸ್ತಕಗಳನ್ನು ಆಮೇಲೆ ಓದಿದ್ದೇನೆ. ಈ ಮಾತನ್ನು ಮೀರಿಸಿದ ಮಾತು ಸಿಕ್ಕಿಲ್ಲ.

ಅದರ ಅರ್ಥವನ್ನು ಸ್ವಲ್ಪ ಬಿಡಿಸಿ ನೋಡೋಣ. ಆಡಿನ ತೊಗಲನ್ನು (ಹಿಂದೆ ಜಿಂಕೆಯದನ್ನೂ ಬಳಸುತ್ತಿದ್ದರು) ನೆನೆಸಿ, ಕೂದಲು ಹೆರೆದು, ಬಿಗಿದು ಒಣಗಿಸಿ ಬೆಳಕು ಹಾಯುವಷ್ಟು ತೆಳ್ಳಗೆ ಮಾಡುತ್ತಾರೆ. ಅದರ ಮೇಲೆ ಗೆರೆ ಬರೆದು, ಒಡವೆ ವಸ್ತ್ರಗಳ ಕಡೆ ಉಳಿಯಿಂದ ಸಣ್ಣ ಸಣ್ಣ ರಂಧ್ರ ಕೊರೆದು, ಎರಡು ಬದಿಗೂ ಬಣ್ಣ ಹಚ್ಚುತ್ತಾರೆ. ಹಗಲಿನಲ್ಲಿ ಕೈಯಲ್ಲಿ ಹಿಡಿದರೆ ಮಂಕಾಗಿ ಕಾಣುವ ಈ ಗೊಂಬೆ ದೀಪದ ಮುಂದೆ ಜೀವ ತಳೆಯುತ್ತದೆ. ಬಣ್ಣ ಹಚ್ಚುವವನು ಹಗಲಿನಲ್ಲಿ ಕುಳಿತು ರಾತ್ರಿಯ ಬೆಳಕನ್ನು ಲೆಕ್ಕ ಹಾಕಿರಬೇಕು. ಕೆಲವು ಗೊಂಬೆಗಳಲ್ಲಿ ಒಂದೇ ತೊಗಲಿನ ಮೇಲೆ ಇಡೀ ದೃಶ್ಯವೇ ಇರುತ್ತದೆ: ರಥ, ಕುದುರೆ, ಸಾರಥಿ, ವೀರ ಎಲ್ಲ ಒಟ್ಟಿಗೆ. ಅಂಥ ಗೊಂಬೆ ಹೆಚ್ಚು ಅಲುಗಾಡುವಂತಿಲ್ಲ. ಅಲ್ಲಿ ಚಲನೆಯನ್ನು ಕೊಡಬೇಕಾದದ್ದು ಹಾಡು. ಹಾಡು ಎಷ್ಟು ಹೊತ್ತು ನಿಲ್ಲುತ್ತದೆ, ಎಲ್ಲಿ ಏರುತ್ತದೆ ಎಂಬುದನ್ನು ಬಲ್ಲವನೇ ಅಂಥ ಗೊಂಬೆಯನ್ನು ಬರೆಯಬಲ್ಲ. ಇಲ್ಲಿ ಹಾಡುಗಾರ ಚಿತ್ರವನ್ನೂ ಬರೆಯುತ್ತಾನೆ ಎಂಬ “ಊ” ಕಾರಕ್ಕೆ ಎಡೆಯೇ ಇಲ್ಲ. ಒಂದು ಕೆಲಸ, ಅದಕ್ಕೆ ಎರಡು ಕೈ.

ಇನ್ನು ಹೆಬ್ಬೆರಳಿನ ಪರೀಕ್ಷೆ. ಇಲ್ಲಿ ಹೆಬ್ಬೆರಳಿಗೆ ಕೆಲಸವೇ ಇಲ್ಲ, ಗೊಂಬೆಯ ಮೇಲೆ ರುಜುವೇ ಇಲ್ಲವಲ್ಲ!

“ಹಾಗಾದರೆ ನಿಮ್ಮ ಹಳ್ಳಿಯ ಕಿಳ್ಳೇಕ್ಯಾತನನ್ನು ವೆಂಕಟಪ್ಪನವರ ಪಕ್ಕದಲ್ಲಿ ಕೂರಿಸುತ್ತೀರೋ?” ಎಂದು ಪಟ್ಟಣದ ಮಿತ್ರರೊಬ್ಬರು ಹುಬ್ಬೇರಿಸಿ ಕೇಳಿದ್ದುಂಟು. ಕೂರಿಸುವೆನೆಂದು ಕಣ್ಣುಮುಚ್ಚಿ ಹೇಳಲಾರೆ. ಎಲ್ಲ ಗೊಂಬೆಗಳೂ ಚೆನ್ನಾಗಿರುವುದಿಲ್ಲ. ಅಜ್ಜ ಕೊರೆದದ್ದನ್ನು ಮೊಮ್ಮಗ ಮೇಲಿಟ್ಟು ನಕಲು ತೆಗೆದ ಜೀವವಿಲ್ಲದ ಗೊಂಬೆಗಳನ್ನು ಕಂಡಿದ್ದೇನೆ; ಅಂಗಡಿಯ ಅಗ್ಗದ ಬಣ್ಣ ಬಳಿದು ಬೆಳಕನ್ನೇ ಕಟ್ಟಿಹಾಕಿದವನ್ನೂ ಕಂಡಿದ್ದೇನೆ. ಒಡೆದ ಕಂಠದಿಂದ, ಮರೆತ ಪದಗಳನ್ನು ನುಂಗುತ್ತ ಹಾಡುವ ಮೇಳಗಳೂ ಇದ್ದವು. ಬಡವರ ಕಲೆಯೆಂದು ಯಾರೂ ಕೃಪಾಂಕ ಕೊಡಬೇಕಾಗಿಲ್ಲ. ಡಿಲನ್‌ರಿಗೆ ಹಿಡಿದ ಅಳತೆಗೋಲನ್ನೇ ಇವರಿಗೂ ಹಿಡಿಯಿರಿ. ಆದರೆ ಹಿಡಿಯಿರಿ! ಒಬ್ಬರ ಚಿತ್ರಕ್ಕೆ ವಿಮರ್ಶೆ, ಇನ್ನೊಬ್ಬರ ಚಿತ್ರಕ್ಕೆ “ಜಾನಪದ” ಎಂಬ ಚೀಟಿ, ಒಬ್ಬರಿಗೆ ಕಲಾವಿದರೆಂಬ ಹೆಸರು, ಇನ್ನೊಬ್ಬರಿಗೆ ಜಾತಿಯ ಹೆಸರು, ಇದು ನ್ಯಾಯವಲ್ಲ.

ಪುರಸ್ಕಾರವೇ ಇಲ್ಲವೆಂದು ನಾನು ದೂರುತ್ತಿಲ್ಲ. ಹೊಳೆಯಾಚೆ ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಿತು. ಬಂದಾಗ ಅವರಿಗೆ ವಯಸ್ಸು ತೊಂಬತ್ತು ದಾಟಿತ್ತು. ಕಂಪನಿ ನಾಟಕದ ರಂಗದಿಂದ ಬಂದ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಗಾಂಧೀಜಿಯ ಕಥೆಯನ್ನೂ ತೊಗಲುಗೊಂಬೆಯಲ್ಲಿ ಹೇಳಬಹುದೆಂದು ತೋರಿಸಿ, 2023ರಲ್ಲಿ ತೀರಿಕೊಂಡರು. ಎಂ. ಎಸ್. ನಂಜುಂಡರಾಯರು ಹಳ್ಳಿ ಹಳ್ಳಿ ಅಲೆದು ಹಳೆಯ ಗೊಂಬೆಗಳನ್ನು ಕೂಡಿಹಾಕಿ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಅವಕ್ಕೆ ನೆಲೆ ಕಲ್ಪಿಸಿದರು. ಅವರು ಅದನ್ನು ಮಾಡದಿದ್ದರೆ ಆ ಗೊಂಬೆಗಳಲ್ಲಿ ಎಷ್ಟೋ ಹುಳಹಿಡಿದು ಮಣ್ಣಾಗುತ್ತಿದ್ದವು. ಈ ಉಪಕಾರವನ್ನು ನೆನೆಯದವನು ಕೃತಘ್ನ.

ಆದರೂ ಒಂದು ಮಾತು ಹೇಳಲೇಬೇಕು. ಗೋಡೆಗೆ ತಗುಲಿಸಿದ ಗೊಂಬೆ ಅರ್ಧ ಗೊಂಬೆ. ಧ್ವನಿಮುದ್ರಿಕೆಯಲ್ಲಿ ಹಿಡಿದಿಟ್ಟ ಮೇಳದ ಹಾಡು ಅರ್ಧ ಹಾಡು. ಚಿತ್ರದವರು ಚಿತ್ರವನ್ನು ಒಯ್ದರು, ಸಂಗೀತದವರು ಹಾಡನ್ನು ಒಯ್ದರು, ಸಾಹಿತ್ಯದವರು ಪಠ್ಯವನ್ನು ಒಯ್ದರು. ಒಬ್ಬನಲ್ಲಿ ಕೂಡಿದ್ದ ಕಲೆಯನ್ನು ಮೂರು ಇಲಾಖೆಗಳು ಪಾಲು ಮಾಡಿಕೊಂಡವು. ಆಮೇಲೆ ನಾವೇ, ದೂರದ ದೊಡ್ಡ ಗಾಯಕನೊಬ್ಬ ಕುಂಚ ಹಿಡಿದನೆಂದು ಕೇಳಿ, “ಎಂಥ ಅಪರೂಪದ ಸಂಗಮ!” ಎಂದು ಬಾಯಿ ತೆರೆದು ನಿಲ್ಲುತ್ತೇವೆ.

ಈ ಪಾಲಿನ ಪರಿಣಾಮವನ್ನು ನೋಡಲು ಬಹಳ ದೂರ ಹೋಗಬೇಕಾಗಿಲ್ಲ. ಆಂಧ್ರದ ಧರ್ಮಾವರದ ಕಡೆ ನಿಮ್ಮಲಕುಂಟ ಎಂಬ ಹಳ್ಳಿಯಿದೆ. ಅಲ್ಲಿ ತೊಗಲುಗೊಂಬೆಯ ಮನೆತನಗಳಿವೆ. ಚಿತ್ರದ ಕೈ ಇನ್ನೂ ಚೆನ್ನಾಗಿದೆ. ಆಟಕ್ಕೆ ಕರೆಯುವವರು ಕಡಿಮೆಯಾದ್ದರಿಂದ ಅವರು ಅದೇ ತೊಗಲಿನ ಮೇಲೆ ಅದೇ ಬಣ್ಣಗಳಿಂದ ದೀಪದ ಮುಸುಕುಗಳನ್ನು ಮಾಡುವುದಕ್ಕೆ ತಿರುಗಿದರು. ಅವು ಪಟ್ಟಣದ ಹಜಾರಗಳಲ್ಲಿ ಬೆಳಗುತ್ತವೆ. ಹೊಟ್ಟೆಯ ದಾರಿ ಕಂಡುಕೊಂಡವರನ್ನು ನಾನು ದೂರುವುದಿಲ್ಲ. ಅವರಿಗೆ ಬೇರೆ ದಾರಿಯನ್ನು ನಾವು ಬಿಟ್ಟಿರಲಿಲ್ಲ. ಆದರೆ ಏನಾಯಿತೆಂದು ನೋಡಿ. ದೀಪವಿದೆ, ತೊಗಲಿದೆ, ಬಣ್ಣವಿದೆ. ಹಾಡಿಗೆ ಮಾತ್ರ ಅಲ್ಲಿ ಕೆಲಸವಿಲ್ಲ. ಹಾಡು ತಿಳಿಯದವನು ಆ ಮುಸುಕಿನ ಮೇಲೆ ಬರೆಯುವ ರಾಮನಿಗೆ ಇನ್ನು ಯಾವ ಹಾಡಿಗೂ ತಕ್ಕವನಾಗುವ ಅಗತ್ಯವಿಲ್ಲ. ನಮ್ಮ ಅಜ್ಜ ಹೇಳಿದ ಮಾತು ಒಂದು ತಲೆಮಾರಿನಲ್ಲಿ ನಿಜವಾಗುವುದಕ್ಕೆ ಇನ್ನೇನು ಬೇಕು?

ನಮ್ಮ ಐದು ಊರುಗಳು ಕಲೆಗೆ ಕೈಕೊಡದ ಊರುಗಳಲ್ಲ. ಹಡಗಲಿಯಲ್ಲಿ ಎಂ. ಪಿ. ಪ್ರಕಾಶರು ರಂಗಭಾರತಿಯನ್ನು ಕಟ್ಟಿ, ತಾಲ್ಲೂಕು ಮಟ್ಟದ ಊರೂ ಒಳ್ಳೆಯ ನಾಟಕವನ್ನು ನೋಡಬಲ್ಲದೆಂದು ತೋರಿಸಿದರು. ಕೊಟ್ಟೂರಿನ ಕೊಟ್ಟೂರೇಶ್ವರನ ತೇರಿಗೆ, ಮೈಲಾರದ ಕಾರಣಿಕಕ್ಕೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಜಾತ್ರೆಯೆಂದರೆ ಈಗ ರಸಮಂಜರಿ. ಅದಕ್ಕೆ ವೇದಿಕೆ, ದೀಪ, ಧ್ವನಿವರ್ಧಕ, ಸಂಭಾವನೆ ಎಲ್ಲವೂ ಒದಗುತ್ತವೆ. ಬೇಡವೆನ್ನುವುದಿಲ್ಲ. ಆದರೆ ಅದೇ ಜಾತ್ರೆಯಲ್ಲಿ ಒಂದು ರಾತ್ರಿ, ಅದೇ ಸಂಭಾವನೆಗೆ, ಒಂದು ಬಿಳಿಯ ಪರದೆಯನ್ನು ಕಟ್ಟಲು ಯಾವ ಸಮಿತಿಗೆ ಬಡತನ? ಮೆರವಣಿಗೆಯ ಮುಂದೆ ಹತ್ತು ನಿಮಿಷ ಗೊಂಬೆ ಹಿಡಿದು ನಡೆಸಿ, ಛಾಯಾಚಿತ್ರ ತೆಗೆಸಿಕೊಂಡು, ಕಲೆಯನ್ನು ಉದ್ಧರಿಸಿದೆವೆಂದು ಹೇಳುವುದು ಸಾಕು. ಇಡೀ ರಾತ್ರಿಯ ಆಟಕ್ಕೆ ಇಡೀ ರಾತ್ರಿ ಕೊಡಿ.

ಇನ್ನೊಂದು ಬೇಡಿಕೆ ಪಟ್ಟಣದ ಓದುಗರಿಗೆ. ಹಳೆಯ ಗೊಂಬೆಯನ್ನು ಹಜಾರದ ಗೋಡೆಗೆಂದು ಕೊಳ್ಳುವ ಮುನ್ನ ಅದನ್ನು ಕುಣಿಸಿದ ಮನೆಯವರ ಆಟವನ್ನು ಒಮ್ಮೆಯಾದರೂ ನೋಡಿ. ಕೊಳ್ಳುವುದಾದರೆ ಅವರು ಹೊಸದಾಗಿ ಬರೆದದ್ದನ್ನು ಕೊಳ್ಳಿ. ಹಳೆಯದು ಅವರ ಮಕ್ಕಳಿಗೆ ಪಾಠದ ಪುಸ್ತಕ. ಅದನ್ನು ನೀವು ಒಯ್ದರೆ ಶಾಲೆ ಮುಚ್ಚಿದಂತೆ. ಆಟವನ್ನು ದಾಖಲಿಸುವವರು ದಯವಿಟ್ಟು ಪರದೆಯ ಎರಡೂ ಬದಿಗಳನ್ನು ದಾಖಲಿಸಲಿ: ಹಾಡು, ಗೊಂಬೆ, ಕೈ ಮೂರೂ ಒಟ್ಟಿಗೆ, ಹಾಡಿದವರ ಮತ್ತು ಬರೆದವರ ಹೆಸರಿನೊಡನೆ.

ಪ್ರಸಿದ್ಧ ಗಾಯಕರ ಚಿತ್ರಗಳನ್ನು ನೋಡುವುದನ್ನು ಬಿಡಿರೆಂದು ನಾನು ಹೇಳುತ್ತಿಲ್ಲ. ಹೋಗಿ, ನೋಡಿ, ಹೆಬ್ಬೆರಳಿಟ್ಟು ನೋಡಿ. ಒಳ್ಳೆಯದಿದ್ದರೆ ಮನಬಿಚ್ಚಿ ಹೊಗಳಿ. ಹಾಡುವವನು ಬರೆಯಬಲ್ಲನೇ ಎಂಬ ಬೆರಗನ್ನು ಮಾತ್ರ ಬಾಗಿಲ ಹೊರಗೆ ಬಿಟ್ಟುಹೋಗಿ. ಆ ಪ್ರಶ್ನೆಗೆ ನಮ್ಮ ಸೀಮೆಯ ಪರದೆಯ ಹಿಂದೆ ತಲೆತಲಾಂತರದಿಂದ ಉತ್ತರವಿತ್ತು. ಪರದೆಯ ಮುಂದೆ ಕೂತವರು ನಾವು. ಎದ್ದು ಹೋದವರೂ ನಾವೇ.